ಹಾಫ್ನಿಯಂ: ವರ್ಕ್‌ಶಾಪಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಉಂಟು. ಗೇಟು, ಗ್ರಿಲ್ಲು, ಅಡಿಕೆ ಅಂಗಳಕ್ಕೆ ಶೀಟಿನ ಮಾಡು, ಇಷ್ಟೇ ನಮ್ಮ ಕೆಲಸ. ನಾನು ಓದಿದ್ದು ಬಿಎಸ್ಸಿ ಕೆಮಿಸ್ಟ್ರಿ, ಸೇರಿದ್ದು ಅಪ್ಪನ ವೆಲ್ಡಿಂಗ್ ಶೆಡ್ಡು. ಗೇಟಿನ ಡಿಸೈನ್ ಕತ್ತರಿಸಲು ಪ್ಲಾಸ್ಮಾ ಮೆಶಿನ್ ತಂದ ಮೇಲೆ ಒಂದು ಹೊಸ ಕೆಲಸ ಅಂಟಿಕೊಂಡಿತು. ಕಾಯುತ್ತಾ ಕೂತವರ ಕಣ್ಣು ಮೇಜಿನ ಮೇಲಿರುವ ಹಾರ್ಲಿಕ್ಸ್ ಬಾಟಲಿ ಮೇಲೆ ಬೀಳುತ್ತದೆ. ಅದರೊಳಗೆ ಸವೆದ ತಾಮ್ರದ ಎಲೆಕ್ಟ್ರೋಡುಗಳು. ಪ್ರತಿಯೊಂದರ ತುದಿಯಲ್ಲೂ ಎಳ್ಳಿನಷ್ಟು ಒಂದು ಬೂದು ಚುಕ್ಕೆ. "ಇದು ಎಂತ ಮಾರಾಯ್ರೇ?" ಆ ಚುಕ್ಕೆಯೇ ಹಾಫ್ನಿಯಂ. ಅಲ್ಲಿಂದ ಮಾತು ಶುರು.

ನಮ್ಮದು ಏಳು ಭಾಷೆಯ ಊರು. ಪ್ರಶ್ನೆ ತುಳುವಿನಲ್ಲೂ ಬರುತ್ತದೆ, ಮಲಯಾಳದಲ್ಲೂ ಬರುತ್ತದೆ. ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಮಾತ್ರ ನೋಟ್‌ಬುಕ್ ಹಿಡಿದೇ ಬರುತ್ತಾರೆ. ಅವರಿಗೆ ಅನುಕೂಲ ಆಗಲಿ ಎಂದು ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಹಾಫ್ನಿಯಂ ಅಂದರೆ ಎಂತ?

ಒಂದು ಲೋಹ. ಕಬ್ಬಿಣ, ತಾಮ್ರದ ಹಾಗೆ ಮೂಲಧಾತು. ಪರಮಾಣು ಸಂಖ್ಯೆ 72, ಪರಮಾಣು ತೂಕ 178.49, ಚಿಹ್ನೆ ಎಚ್‌ಎಫ್. ಆವರ್ತ ಕೋಷ್ಟಕದಲ್ಲಿ 4ನೇ ಗುಂಪು, 6ನೇ ಆವರ್ತ. ಅದೇ ಕಂಬದಲ್ಲಿ ಮೇಲಿನಿಂದ ಕೆಳಗೆ ಟೈಟಾನಿಯಂ, ಜಿರ್ಕೋನಿಯಂ, ಆಮೇಲೆ ಇದು. ಟೈಟಾನಿಯಂ ಹೆಸರು ಎಲ್ಲರಿಗೂ ಗೊತ್ತು, ಕನ್ನಡಕದ ಫ್ರೇಮಿನಿಂದ ಮೂಳೆಯ ಸ್ಕ್ರೂವರೆಗೆ ಎಲ್ಲ ಕಡೆ ಉಂಟು. ಹಾಫ್ನಿಯಂ ಆ ಮನೆಯ ಮೂರನೇ ಮಗ. ಮಾತು ಕಡಿಮೆ, ತೂಕ ಜಾಸ್ತಿ.

ಕನ್ನಡದಲ್ಲಿ ಇದಕ್ಕೆ ಬೇರೆ ಹೆಸರು ಇಲ್ಲವಾ?

ಇಲ್ಲ. ಚಿನ್ನ, ಬೆಳ್ಳಿ, ಸೀಸ, ತವರ ಇವೆಲ್ಲ ನಮ್ಮ ಅಜ್ಜಂದಿರು ಕೈಯಲ್ಲಿ ಹಿಡಿದ ಲೋಹಗಳು, ಅದಕ್ಕೆ ಹೆಸರುಂಟು. ಇದು ಸಿಕ್ಕಿ ನೂರು ವರ್ಷ ಆಯಿತು ಅಷ್ಟೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಲ್ಯಾಟಿನ್ ಭಾಷೆಯಲ್ಲಿ ಹಾಫ್ನಿಯಾ ಎನ್ನುತ್ತಾರೆ. ಲೋಹ ಸಿಕ್ಕಿದ್ದು ಅಲ್ಲಿ, ಹಾಗಾಗಿ ಊರಿನ ಹೆಸರೇ ಇದಕ್ಕೂ ಬಂತು.

ನೋಡುವುದಕ್ಕೆ ಹೇಗಿರುತ್ತದೆ? ತುಂಬಾ ಭಾರವಾ?

ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುವ ಬೂದು ಬೆಳ್ಳಿ ಬಣ್ಣ. ಎಳೆದರೆ ತಂತಿಯಾಗುತ್ತದೆ, ಬಡಿದರೆ ತಗಡಾಗುತ್ತದೆ. ಶುದ್ಧವಾಗಿ ಇರಬೇಕು, ಅಷ್ಟೆ. ಸ್ವಲ್ಪ ಆಮ್ಲಜನಕವೋ ಸಾರಜನಕವೋ ಒಳಗೆ ಸೇರಿದರೆ ಪೆಡಸಾಗುತ್ತದೆ.

ಭಾರದ ಮಾತು ಕೇಳಿ. ಒಂದು ಘನ ಸೆಂಟಿಮೀಟರ್ ಕಬ್ಬಿಣ 7.87 ಗ್ರಾಂ, ಸೀಸ 11.34 ಗ್ರಾಂ, ಹಾಫ್ನಿಯಂ 13.31 ಗ್ರಾಂ. ಒಂದು ಲೀಟರಿನ ನೀರಿನ ಬಾಟಲಿ ಇರುತ್ತದಲ್ಲ, ಅಷ್ಟು ಗಾತ್ರದ ಹಾಫ್ನಿಯಂ ಗಟ್ಟಿ ಹದಿಮೂರು ಕಿಲೋ ದಾಟುತ್ತದೆ. ಅದೇ ಗಾತ್ರದ ಜಿರ್ಕೋನಿಯಂ ಎತ್ತಿದರೆ ಆರೂವರೆ ಕಿಲೋ, ಅರ್ಧಕ್ಕಿಂತ ಕಡಿಮೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ಬಿಸಿಗೆ ಕರಗುತ್ತದೆ?

2,233 ಡಿಗ್ರಿ ಸೆಲ್ಸಿಯಸ್. ಕಬ್ಬಿಣ ಕರಗುವುದು 1,538ಕ್ಕೆ, ಜಿರ್ಕೋನಿಯಂ 1,855ಕ್ಕೆ. ಹಾಫ್ನಿಯಂ ಕುದಿದು ಆವಿಯಾಗಲು 4,600 ಡಿಗ್ರಿಯ ಆಸುಪಾಸು ಬೇಕು.

ಇದರಲ್ಲೊಂದು ತಮಾಷೆ ಉಂಟು. ಲೋಹ ಒಬ್ಬಂಟಿಯಾಗಿ 2,233ಕ್ಕೆ ಸೋಲುತ್ತದೆ. ಇಂಗಾಲದ ಜೊತೆ ಸೇರಿ ಹಾಫ್ನಿಯಂ ಕಾರ್ಬೈಡ್ ಆದರೆ 3,900 ಡಿಗ್ರಿಯವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಮನುಷ್ಯನಿಗೆ ಗೊತ್ತಿರುವ ವಸ್ತುಗಳಲ್ಲಿ ಇಷ್ಟು ಬಿಸಿ ತಡೆಯುವವು ಬೆರಳೆಣಿಕೆಯಷ್ಟು. ಆಕ್ಸೈಡ್ ಆದರೂ 2,750 ಡಿಗ್ರಿ ದಾಟಿಯೇ ಕರಗುವುದು. ನಮ್ಮ ಪ್ಲಾಸ್ಮಾ ಟಾರ್ಚು ನಡೆಯುವುದೇ ಈ ಆಕ್ಸೈಡಿನ ದಯೆಯಿಂದ. ಅದನ್ನು ಕೆಳಗೆ ಹೇಳುತ್ತೇನೆ.

ಇದನ್ನು ಸಂಕ್ರಮಣ ಲೋಹ ಎನ್ನುವುದು ಯಾಕೆ? ಬಣ್ಣ ಬಣ್ಣದ ಸಂಯುಕ್ತ ಕೊಡಬೇಕಲ್ವಾ?

ಪರೀಕ್ಷೆಗೆ ಓದುವ ಮಕ್ಕಳ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಮೈಲುತುತ್ತ ನೀಲಿ, ಪೊಟ್ಯಾಸಿಯಂ ಪರ್ಮಾಂಗನೇಟ್ ನೇರಳೆ, ಎಲ್ಲ ಸಂಕ್ರಮಣ ಲೋಹಗಳ ಕಾರುಬಾರು. ಹಾಫ್ನಿಯಂ ಪರಮಾಣುವಿನಲ್ಲಿ 5ಡಿ ಕಕ್ಷಕದಲ್ಲಿ ಎರಡು, 6ಎಸ್‌ನಲ್ಲಿ ಎರಡು ಎಲೆಕ್ಟ್ರಾನ್. ಡಿ ಕಕ್ಷಕ ಪೂರ್ತಿ ತುಂಬದೆ ಇರುವುದರಿಂದ ಸಂಕ್ರಮಣ ಲೋಹದ ಸಾಲಿಗೆ ಸೇರಿತು. ಆದರೆ ಸಂಯುಕ್ತ ಮಾಡುವಾಗ ಸಾಮಾನ್ಯವಾಗಿ ನಾಲ್ಕನ್ನೂ ಕೊಟ್ಟುಬಿಡುತ್ತದೆ, ಉತ್ಕರ್ಷಣ ಸ್ಥಿತಿ +4. ಡಿ ಕಕ್ಷಕ ಖಾಲಿ, ಬಣ್ಣವೂ ಖಾಲಿ. ಹಾಫ್ನಿಯಂ ಆಕ್ಸೈಡ್ ಸುಣ್ಣದ ಹಾಗೆ ಬೆಳ್ಳಗೆ.

ಜಿರ್ಕೋನಿಯಂ ಹೆಸರು ಬಿಟ್ಟು ಇದರ ಬಗ್ಗೆ ಮಾತೇ ಆಡಲು ಆಗುವುದಿಲ್ಲವಾ?

ಆಗುವುದಿಲ್ಲ. ಇವೆರಡು ಅವಳಿ. ಬಯಲಾಟದಲ್ಲಿ ಕುಶ ಲವರ ವೇಷ ರಂಗಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಕೂತವರಿಗೆ ಯಾರು ಯಾರೆಂದು ತಿಳಿಯದೆ ಹೋಗುತ್ತದಲ್ಲ, ರಸಾಯನ ವಿಜ್ಞಾನಿಗಳಿಗೂ ಹಾಗೆಯೇ ಆಯಿತು.

ಸಾಮಾನ್ಯವಾಗಿ ಕೋಷ್ಟಕದಲ್ಲಿ ಕೆಳಗಿಳಿದ ಹಾಗೆ ಪರಮಾಣುವಿನ ಗಾತ್ರ ದೊಡ್ಡದಾಗಬೇಕು. ಜಿರ್ಕೋನಿಯಂಗೆ 40 ಎಲೆಕ್ಟ್ರಾನ್, ಹಾಫ್ನಿಯಂಗೆ 72. ನ್ಯಾಯವಾಗಿ ಎರಡನೆಯದು ದಪ್ಪಗಿರಬೇಕಿತ್ತು. ಆದರೆ ನಡುವೆ ಲ್ಯಾಂಥನೈಡುಗಳ ಒಂದು ಉದ್ದ ಸಾಲು ಬರುತ್ತದೆ. ಆ ಸಾಲಿನಲ್ಲಿ ಒಂದೊಂದೇ ಎಲೆಕ್ಟ್ರಾನ್ ಹೋಗಿ ಕೂರುವುದು ಒಳಗಿನ 4ಎಫ್ ಕಕ್ಷಕದಲ್ಲಿ. ಈ 4ಎಫ್ ಎಲೆಕ್ಟ್ರಾನುಗಳು ಹರಕು ಕೊಡೆ ಇದ್ದ ಹಾಗೆ, ನ್ಯೂಕ್ಲಿಯಸ್ಸಿನ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಅತ್ತ ನ್ಯೂಕ್ಲಿಯಸ್ಸಿನ ಚಾರ್ಜು ಏರುತ್ತಲೇ ಹೋಗುತ್ತದೆ. ಹೊರಗಿನ ಎಲೆಕ್ಟ್ರಾನುಗಳು ಒಳಕ್ಕೆ ಎಳೆಯಲ್ಪಟ್ಟು ಪರಮಾಣು ಕುಗ್ಗುತ್ತದೆ. ಇದಕ್ಕೆ ಲ್ಯಾಂಥನೈಡ್ ಕುಗ್ಗುವಿಕೆ ಎಂದು ಹೆಸರು.

ಲೆಕ್ಕದಲ್ಲಿ ನೋಡಿ: ಜಿರ್ಕೋನಿಯಂ ಪರಮಾಣುವಿನ ತ್ರಿಜ್ಯ ಸುಮಾರು 160 ಪಿಕೋಮೀಟರ್, ಹಾಫ್ನಿಯಂನದು 159. ಇಷ್ಟೆಲ್ಲ ಎಲೆಕ್ಟ್ರಾನ್ ಜಾಸ್ತಿ ಇದ್ದರೂ ಗಾತ್ರ ಒಂದೇ! ಗಾತ್ರ ಒಂದೇ, ಚಾರ್ಜೂ ಒಂದೇ +4. ಹಾಗಾಗಿ ಜಿರ್ಕೋನಿಯಂ ಕೂರಬೇಕಾದ ಜಾಗದಲ್ಲಿ ಇದು ಬಂದು ಕೂತರೆ ಹರಳಿಗೆ ಗೊತ್ತೇ ಆಗುವುದಿಲ್ಲ. ಭೂಮಿಯಲ್ಲಿ ಜಿರ್ಕೋನಿಯಂ ಇದ್ದಲ್ಲೆಲ್ಲ ಹಾಫ್ನಿಯಂ ಉಂಟು, ಸುಮಾರು 50ಕ್ಕೆ 1ರ ಲೆಕ್ಕದಲ್ಲಿ. ಅದೇ ಜಾಗದಲ್ಲಿ ಎರಡು ಪಟ್ಟು ತೂಕದ ಪರಮಾಣು ತುರುಕಿದ್ದರಿಂದಲೇ ಮೇಲೆ ಹೇಳಿದ ಹದಿಮೂರು ಕಿಲೋ, ಆರೂವರೆ ಕಿಲೋ ಲೆಕ್ಕ ಬಂದದ್ದು.

ಯಾರು ಕಂಡುಹಿಡಿದದ್ದು? ಅಷ್ಟು ತಡವಾಗಿ ಯಾಕೆ?

ಜಿರ್ಕೋನಿಯಂ ಗೊತ್ತಾದದ್ದು 1789ರಲ್ಲಿ. ಹಾಫ್ನಿಯಂ ಸಿಕ್ಕಿದ್ದು 1923ರಲ್ಲಿ. ನಡುವೆ 134 ವರ್ಷ ಪ್ರಯೋಗಶಾಲೆಗಳಲ್ಲಿ ಜಿರ್ಕೋನಿಯಂ ಎಂದು ತೂಗಿದ್ದರಲ್ಲೆಲ್ಲ ಇದು ಅಡಗಿಯೇ ಇತ್ತು. ರಾಸಾಯನಿಕ ಪರೀಕ್ಷೆಗೆ ಸಿಕ್ಕಿಬೀಳುವ ಹಾಗಿರಲಿಲ್ಲ.

ಹಿಡಿದುಕೊಟ್ಟದ್ದು ಎಕ್ಸ್‌ರೇ. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಒಂದೊಂದು ಧಾತುವೂ ಹೊರಡಿಸುವ ಎಕ್ಸ್‌ರೇ ಅಳೆದು, ಅದಕ್ಕೂ ಪರಮಾಣು ಸಂಖ್ಯೆಗೂ ನೇರ ಸಂಬಂಧ ಉಂಟೆಂದು ತೋರಿಸಿದ. ಆಗ ಕೋಷ್ಟಕದಲ್ಲಿ ಯಾವ ನಂಬರು ಖಾಲಿ ಎಂದು ಬೆರಳಿಟ್ಟು ಹೇಳಬಹುದಾಯಿತು. 72 ಖಾಲಿ. ಫ್ರಾನ್ಸಿನ ಜಾರ್ಜ್ ಉರ್ಬೈನ್ 1911ರಲ್ಲೇ ಅಪರೂಪದ ಭಸ್ಮ ಲೋಹಗಳ (ರೇರ್ ಅರ್ತ್, ಹೆಚ್ಚು ಕಡಿಮೆ ಮೇಲೆ ಹೇಳಿದ ಲ್ಯಾಂಥನೈಡುಗಳೇ) ನಡುವೆ ಸೆಲ್ಟಿಯಂ ಎಂಬುದನ್ನು ಕಂಡೆ ಎಂದಿದ್ದ, ಆ ಜಾಗ ತನ್ನದೆಂದು ಹಠ ಹಿಡಿದ. ಮೋಸ್ಲಿ ಅವನ ಸ್ಯಾಂಪಲ್ ಪರೀಕ್ಷಿಸಿದಾಗ 72ಕ್ಕೆ ಬರಬೇಕಾದ ಎಕ್ಸ್‌ರೇ ಗೆರೆ ಕಾಣಲಿಲ್ಲ. ಅಷ್ಟರಲ್ಲಿ ಮಹಾಯುದ್ಧ ಬಂತು. 1915ರಲ್ಲಿ ಗಲಿಪೊಲಿಯಲ್ಲಿ ಗುಂಡು ತಗುಲಿ ಮೋಸ್ಲಿ ತೀರಿಕೊಂಡ, 27ನೇ ವಯಸ್ಸಿಗೆ. ಈ ಸಾಲು ಬರೆಯುವಾಗ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಎಲೆಕ್ಟ್ರಾನುಗಳ ಜೋಡಣೆಯ ಲೆಕ್ಕ ಹಾಕಿ, 72 ಅಪರೂಪದ ಭಸ್ಮಗಳ ಸಾಲಿನದ್ದಲ್ಲ, ಜಿರ್ಕೋನಿಯಂ ಜಾತಿಯದ್ದು ಎಂದ. ಅವನ ಸಂಸ್ಥೆಯಲ್ಲೇ ಇದ್ದ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಸಿ ಜಿರ್ಕೋನಿಯಂ ಇರುವ ಜಿರ್ಕಾನ್ ಎಂಬ ಖನಿಜವನ್ನು ನಾರ್ವೆಯಿಂದ ತಂದು ಎಕ್ಸ್‌ರೇಗೆ ಒಡ್ಡಿದರು. ಗೆರೆಗಳು ಇರಬೇಕಾದಲ್ಲೇ ಸಿಕ್ಕವು. 1922ರ ಡಿಸೆಂಬರಿನಲ್ಲಿ ಬೋರ್ ನೊಬೆಲ್ ಭಾಷಣಕ್ಕೆ ಸ್ಟಾಕ್‌ಹೋಮಿನಲ್ಲಿದ್ದ. ಭಾಷಣಕ್ಕೆ ಸ್ವಲ್ಪ ಮೊದಲು ಕೋಸ್ಟರ್ ಫೋನ್ ಮಾಡಿ ಸುದ್ದಿ ಮುಟ್ಟಿಸಿದ. ಬೋರ್ ಆ ಭಾಷಣದಲ್ಲೇ ಅದನ್ನು ಹೇಳಿಬಿಟ್ಟ. ಅಚ್ಚಾದದ್ದು 1923ರ ಜನವರಿಯಲ್ಲಿ.

ಕಂಡದ್ದು ಒಂದು, ಬೇರೆ ಮಾಡಿ ತೆಗೆದದ್ದು ಇನ್ನೊಂದು. ಫ್ಲೋರೈಡ್ ಲವಣ ಮಾಡಿ, ಹರಳುಗಟ್ಟಿಸಿ, ಮತ್ತೆ ಕರಗಿಸಿ, ಮತ್ತೆ ಹರಳುಗಟ್ಟಿಸಿ, ಹೀಗೆ ಎಷ್ಟೋ ಸಲ ಮಾಡಬೇಕಿತ್ತು. ಅಚ್ಚ ಲೋಹ ಬಂದದ್ದು 1925ರಲ್ಲಿ, ಡಚ್ ವಿಜ್ಞಾನಿಗಳಾದ ವಾನ್ ಆರ್ಕೆಲ್ ಮತ್ತು ಡಿ ಬೋರ್ (ಇವ ನೀಲ್ಸ್ ಬೋರ್ ಅಲ್ಲ) ಕೈಯಲ್ಲಿ. ಹಾಫ್ನಿಯಂ ಅಯೊಡೈಡಿನ ಆವಿಯನ್ನು ಚೆನ್ನಾಗಿ ಕಾದ ಟಂಗ್‌ಸ್ಟನ್ ತಂತಿಯ ಮೇಲೆ ಹರಿಸಿದರೆ ಅಯೊಡಿನ್ ಬಿಟ್ಟು ಹೋಗಿ ಲೋಹ ತಂತಿಗೆ ಪದರ ಪದರವಾಗಿ ಹತ್ತಿಕೊಳ್ಳುತ್ತದೆ.

ನಮ್ಮ ಕಡೆ ಮಣ್ಣಿನಲ್ಲಿ ಸಿಗುತ್ತದಾ?

ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಒಂದು ಆಸೆ ಇರುತ್ತದೆ, ಜಾಗದ ಬೆಲೆ ಏರಬಹುದಾ ಎಂದು. ಬೇಸರ ಮಾಡಬೇಡಿ, ಆ ಲೆಕ್ಕ ಬಿಟ್ಟುಬಿಡಿ.

ಆದರೆ ಇಲ್ಲವೇ ಇಲ್ಲ ಎಂದೂ ಅಲ್ಲ. ಭೂಮಿಯ ಹೊರಪದರದಲ್ಲಿ ಸರಾಸರಿ ಒಂದು ಟನ್ನಿಗೆ ಮೂರು ಗ್ರಾಮಿನಷ್ಟು ಹಾಫ್ನಿಯಂ ಉಂಟು. ಬೆಳ್ಳಿ, ಚಿನ್ನ ಎರಡಕ್ಕಿಂತಲೂ ಎಷ್ಟೋ ಜಾಸ್ತಿ. ಆ ಸರಾಸರಿ ಹಿಡಿದರೆ 30 ಕಿಲೋ ತೂಗುವ ಒಂದು ಕಲ್ಲಿನಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಅಡಗಿರುವುದು ಜಿರ್ಕಾನ್ ಎಂಬ ಖನಿಜದ ಕಾಳಿನಲ್ಲಿ. ನಮ್ಮ ಗುಡ್ಡದ ಬಂಡೆ ಮಳೆಗೆ ಬಿಸಿಲಿಗೆ ಕೊಳೆತು ಮುರಕಲ್ಲು ಆಗುತ್ತದೆ. ಉಳಿದ ಖನಿಜಗಳೆಲ್ಲ ಕರಗಿ ಹೋದರೂ ಜಿರ್ಕಾನ್ ಜಪ್ಪಯ್ಯ ಎಂದರೂ ಕರಗುವುದಿಲ್ಲ. ಕಲ್ಲಿನಲ್ಲೇ ಉಳಿಯುತ್ತದೆ, ಇಲ್ಲ ಹೊಳೆಯ ಜೊತೆ ಸಮುದ್ರ ಸೇರುತ್ತದೆ.

ಸಮುದ್ರದ ದಡದಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಗೆರಸಿಯಲ್ಲಿ ಅಕ್ಕಿ ಕೇರುವುದನ್ನು ನೋಡಿದ್ದೀರಲ್ಲ? ಹಗುರದ್ದು ಹಾರುತ್ತದೆ, ಭಾರದ್ದು ಉಳಿಯುತ್ತದೆ. ಅಲೆಯೂ ಮರಳನ್ನು ಹಾಗೆಯೇ ಕೇರುತ್ತದೆ. ದಡದಲ್ಲಿ ಕೆಲವು ಸಲ ಕಾಣುವ ಕಪ್ಪು ಪಟ್ಟಿ ಅದೇ, ಭಾರದ ಖನಿಜಗಳ ರಾಶಿ. ಅಯಸ್ಕಾಂತ ಹಿಡಿದರೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಹತ್ತಿಕೊಳ್ಳುತ್ತದೆ. ಜಿರ್ಕಾನ್ ಹತ್ತುವುದಿಲ್ಲ, ಬಣ್ಣವೂ ಹೆಚ್ಚು ಕಡಿಮೆ ಗಾಜಿನದ್ದು. ಬೇಕಲದ ಮರಳಿನಲ್ಲಿ ಭೂತಗನ್ನಡಿ ಹಿಡಿದು ಕೂತರೆ ಒಂದೆರಡು ಕಾಳು ಸಿಕ್ಕೀತು.

ಗಣಿಗಾರಿಕೆ ನಡೆಸುವಷ್ಟು ರಾಶಿ ಇರುವುದು ತೆಂಕಣ ತುದಿಯಲ್ಲಿ. ಕೊಲ್ಲಂ ಜಿಲ್ಲೆಯ ಚವರ, ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚ್ಚಿ. ಕೇಂದ್ರ ಸರ್ಕಾರದ ಐಆರ್‌ಇಎಲ್ ಕಂಪೆನಿ ಅಲ್ಲಿ ಇಲ್ಮನೈಟ್, ಮೋನಜೈಟ್ ಖನಿಜಗಳ ಜೊತೆಗೆ ಜಿರ್ಕಾನನ್ನೂ ಬೇರೆ ಮಾಡುತ್ತದೆ. ಹಾಫ್ನಿಯಂಗೆಂದೇ ಗಣಿ ತೋಡುವವರು ಎಲ್ಲೂ ಇಲ್ಲ. ಜಿರ್ಕೋನಿಯಂ ಶುದ್ಧ ಮಾಡುವಾಗ ಪಕ್ಕದಲ್ಲಿ ಬಂದು ಬೀಳುವ ಮಾಲು ಇದು. ಇಡೀ ಜಗತ್ತಿನ ಉತ್ಪಾದನೆ ವರ್ಷಕ್ಕೆ ಕೆಲವು ಡಜನ್ ಟನ್ ಅಷ್ಟೆ.

ಅವಳಿ ಅಂದ ಮೇಲೆ ಬೇರೆ ಮಾಡುವ ರಗಳೆ ಯಾಕೆ? ಒಟ್ಟಿಗೇ ಬಳಸಬಾರದಾ?

ಬಹಳಷ್ಟು ಕಡೆ ಒಟ್ಟಿಗೇ ಬಳಸುತ್ತಾರೆ. ಬಚ್ಚಲುಮನೆ ಟೈಲ್ಸಿನ ಬಿಳಿ ಹೊಳಪಿಗೆ ಜಿರ್ಕಾನ್ ಪುಡಿ ಹಾಕುವಾಗ ಒಳಗೆ ಹಾಫ್ನಿಯಂ ಇದ್ದರೆ ಯಾರಿಗೂ ನಷ್ಟವಿಲ್ಲ.

ಅಣುವಿದ್ಯುತ್ ಸ್ಥಾವರದಲ್ಲಿ ಮಾತ್ರ ಈ ಅವಳಿಗಳು ಬದ್ಧ ವೈರಿಗಳು. ಅಲ್ಲಿ ಯುರೇನಿಯಂ ಒಡೆದು ನ್ಯೂಟ್ರಾನ್ ಹೊರಡುತ್ತದೆ, ಆ ನ್ಯೂಟ್ರಾನ್ ಹೋಗಿ ಇನ್ನೊಂದು ಯುರೇನಿಯಂ ಒಡೆಯಬೇಕು. ಇಂಧನ ತುಂಬಿಡುವ ಕೊಳವೆ ನ್ಯೂಟ್ರಾನನ್ನು ತಾನೇ ನುಂಗಿದರೆ ಬೆಂಕಿಯೇ ಹತ್ತದು. ಜಿರ್ಕೋನಿಯಂ ನ್ಯೂಟ್ರಾನುಗಳನ್ನು ಮುಟ್ಟದೆ ಹೋಗಲು ಬಿಡುತ್ತದೆ. ಹಾಫ್ನಿಯಂ ಅದಕ್ಕಿಂತ ಸುಮಾರು 600 ಪಟ್ಟು ಜಾಸ್ತಿ ನುಂಗುತ್ತದೆ. ಹಾಗಾಗಿ ಕೊಳವೆಗೆ ಹೋಗುವ ಜಿರ್ಕೋನಿಯಂನಲ್ಲಿ ಹಾಫ್ನಿಯಂ ಹತ್ತು ಲಕ್ಷಕ್ಕೆ ನೂರು ಪಾಲನ್ನು ದಾಟಬಾರದು. ಮಣ್ಣಿನಿಂದ ಬರುವಾಗ ನೂರಕ್ಕೆ ಎರಡು ಇರುತ್ತದೆ, ಅದನ್ನು ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಸಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲೂ, ತೂತ್ತುಕುಡಿ ಜಿಲ್ಲೆಯ ಪಳಯಕಾಯಲಿನ ಅದರ ಘಟಕದಲ್ಲೂ ನಡೆಯುತ್ತದೆ. ಜಿರ್ಕಾನನ್ನು ಕ್ಷಾರದಲ್ಲಿ ಹುರಿದು, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆತ ದ್ರಾವಕದ ಜೊತೆ ಕಲಕುತ್ತಾರೆ. ಜಿರ್ಕೋನಿಯಂ ದ್ರಾವಕಕ್ಕೆ ಹಾರುತ್ತದೆ, ಹಾಫ್ನಿಯಂ ಬಹುಪಾಲು ಆಮ್ಲದಲ್ಲೇ ಉಳಿಯುತ್ತದೆ. ಕಾರವಾರದ ಕಡೆ ಹೋದವರು ಕೈಗಾ ಹೆಸರು ಕೇಳಿರುತ್ತೀರಿ. ಅಲ್ಲಿನ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ದಾಖಲೆ ಮಾಡಿತು. ಒಳಗಿನ ಇಂಧನ ಕೊಳವೆಗಳು ಇಂಥ ಹಾಫ್ನಿಯಂ ಕಳೆದ ಜಿರ್ಕೋನಿಯಂ ಮಿಶ್ರಲೋಹದವು.

ಕಳೆದ ಹಾಫ್ನಿಯಂಗೂ ಅದೇ ಲೋಕದಲ್ಲಿ ಕೆಲಸ ಉಂಟು. ನ್ಯೂಟ್ರಾನ್ ನುಂಗುವ ಗುಣವೇ ಬ್ರೇಕು. ಸರಳು ಮಾಡಿ ರಿಯಾಕ್ಟರಿಗೆ ಇಳಿಸಿದರೆ ಉರಿ ತಗ್ಗುತ್ತದೆ. 1954ರಲ್ಲಿ ನೀರಿಗಿಳಿದ ಅಮೆರಿಕದ ಮೊದಲ ಅಣು ಜಲಾಂತರ್ಗಾಮಿ ನಾಟಿಲಸ್‌ನಲ್ಲಿ ಇದ್ದದ್ದು ಹಾಫ್ನಿಯಂ ಸರಳು. ಬಿಸಿನೀರಿಗೆ ಇದು ಸವೆಯುವುದಿಲ್ಲ. ಒಂದು ನ್ಯೂಟ್ರಾನ್ ನುಂಗಿದ ಹಾಫ್ನಿಯಂ 177 (ನ್ಯೂಕ್ಲಿಯಸ್ಸಿನ ಒಟ್ಟು ಕಣಗಳ ಲೆಕ್ಕ ಇದು) ಹೋಗಿ 178 ಆಗುತ್ತದೆ, ಅದೂ ನುಂಗುತ್ತದೆ, 179 ಆಗುತ್ತದೆ, ಅದೂ ನುಂಗುತ್ತದೆ. ತಿಂದಷ್ಟೂ ಹಸಿವು.

ಸರಿ, ನಿಮ್ಮ ಮೆಶಿನ್ನಿನಲ್ಲಿ ಅದಕ್ಕೆ ಏನು ಕೆಲಸ?

ಪ್ಲಾಸ್ಮಾ ಟಾರ್ಚಿನ ಒಳಗೆ ತಾಮ್ರದ ಎಲೆಕ್ಟ್ರೋಡು, ಅದರ ತುದಿಯ ನಡುವೆ ಹಾಫ್ನಿಯಂ ಕಡ್ಡಿ. ಬಟನ್ ಒತ್ತಿದರೆ ಆ ಬೂದು ಚುಕ್ಕೆಯಿಂದಲೇ ಆರ್ಕ್, ಅಂದರೆ ಕರೆಂಟಿನ ಉರಿ, ಹೊರಡುತ್ತದೆ. ಗಾಳಿ ಅದರ ಸುತ್ತ ಸುಳಿ ತಿರುಗಿ ನಾಝಲ್ಲಿನ ಸಣ್ಣ ತೂತಿನಿಂದ ನುಗ್ಗುವಾಗ 20,000 ಡಿಗ್ರಿಯ ಆಸುಪಾಸು ಬಿಸಿ. ಆರು ಎಂಎಂ ಪ್ಲೇಟು ಬಾಳೆಲೆ ಸೀಳಿದ ಹಾಗೆ ಸೀಳುತ್ತದೆ.

ಅಷ್ಟು ಬಿಸಿಯಲ್ಲಿ 2,233 ಡಿಗ್ರಿಯ ಲೋಹ ಹೇಗೆ ಉಳಿಯುತ್ತದೆ? ಪೂರ್ತಿ ಉಳಿಯುವುದಿಲ್ಲ. ಚುಕ್ಕೆಯ ಮೇಲ್ಮೈ ಕರಗಿ ಒಂದು ಪುಟಾಣಿ ಕೊಳ ಆಗುತ್ತದೆ. ಗಾಳಿ ತಾಗಿ ಅದರ ಮೇಲೆ ಆಕ್ಸೈಡ್, ನೈಟ್ರೈಡ್ ಕೆನೆ ಕಟ್ಟುತ್ತದೆ. ಆ ಕೆನೆ ಅಷ್ಟು ಸುಲಭದಲ್ಲಿ ಆವಿಯಾಗುವುದಿಲ್ಲ, ಎಲೆಕ್ಟ್ರಾನನ್ನು ಮಾತ್ರ ಧಾರಾಳ ಬಿಡುತ್ತದೆ. ಹಿಂದಿರುವ ತಾಮ್ರ ಬಿಸಿಯನ್ನು ಸರಸರ ಎಳೆದುಕೊಳ್ಳುತ್ತದೆ. ಟಂಗ್‌ಸ್ಟನ್ 3,422 ಡಿಗ್ರಿಗೆ ಕರಗುವುದು, ಅದನ್ನೇ ಹಾಕಬಹುದಲ್ಲ ಎಂದು ಐಟಿಐ ಹುಡುಗರು ಕೇಳುತ್ತಾರೆ. ಆರ್ಗಾನ್ ಇದ್ದರೆ ಹಾಕಬಹುದು, ಟಿಗ್ ವೆಲ್ಡಿಂಗಿನಲ್ಲಿ ಹಾಕುತ್ತೇವೆ. ಗಾಳಿಯಲ್ಲಿ ಟಂಗ್‌ಸ್ಟನ್ನಿನ ಆಕ್ಸೈಡ್ ಹೊಗೆಯಾಗಿ ಹಾರಿಹೋಗುತ್ತದೆ, ತುದಿ ನೋಡ ನೋಡುತ್ತಾ ಮಾಯ.

ಚುಕ್ಕೆ ಸವೆಯುವುದು ಹೆಚ್ಚಾಗಿ ಆರ್ಕ್ ಶುರುವಾಗುವಾಗ, ನಿಲ್ಲುವಾಗ. ನಿಂತ ಗಳಿಗೆಯಲ್ಲಿ ಕರಗಿದ ಕೊಳದಿಂದ ಒಂದು ಹನಿ ಚಿಮ್ಮಿ ಹೋಗುತ್ತದೆ. ಹಾಗಾಗಿ ಒಂದು ಗಂಟೆ ಒಂದೇ ಸಮನೆ ಕತ್ತರಿಸಿದರೂ ಸವೆಯದ ಟಿಪ್ಪು (ಎಲೆಕ್ಟ್ರೋಡಿಗೆ ನಾವು ಹೇಳುವುದು ಹೀಗೆ), ಗೇಟಿನ ಹೂವು ಬಳ್ಳಿ ಡಿಸೈನಿಗೆ ನೂರು ಸಲ ಆನ್ ಆಫ್ ಮಾಡಿದರೆ ಸವೆಯುತ್ತದೆ. ಡಿಸೈನ್ ಗೇಟಿಗೆ ರೇಟು ಜಾಸ್ತಿ ಯಾಕೆ ಎಂದು ಕೇಳುವವರಿಗೆ ಇದೂ ಒಂದು ಉತ್ತರ. ನಡುವೆ ಆದ ಗುಳಿ ಒಂದೂವರೆ ಮಿಲಿಮೀಟರ್ ಆಳ ಮುಟ್ಟಿದರೆ ಬದಲಾಯಿಸಬೇಕು. ಲೋಭ ಮಾಡಿದರೆ ಆರ್ಕ್ ತಾಮ್ರಕ್ಕೆ ಹತ್ತುತ್ತದೆ, ಹಸಿರು ಬಣ್ಣದ ಉರಿ ಕಾಣುತ್ತದೆ. ಹಸಿರು ಕಂಡಿತು ಅಂದರೆ ನಾಝಲ್ಲೂ ಹೋಯಿತು ಅಂತ ಲೆಕ್ಕ.

ಮೊದಲ ವರ್ಷದ ಆಷಾಢದಲ್ಲಿ ನನಗೆ ಒಂದೇ ವಾರಕ್ಕೆ ಒಂಬತ್ತು ಎಲೆಕ್ಟ್ರೋಡ್ ಹೋಯಿತು. ಮಾಲು ಡೂಪ್ಲಿಕೇಟ್ ಎಂದು ಅಂಗಡಿಯವರ ಹತ್ತಿರ ಜಗಳವನ್ನೂ ಆಡಿ ಬಂದೆ. ಒಂದು ಸಂಜೆ ಕಂಪ್ರೆಸರಿನ ಅಡಿಯ ಡ್ರೈನ್ ತಿರುಗಿಸಿದರೆ ಚೊಂಬಿನಷ್ಟು ನೀರು! ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿಯುವ ಊರು, ಗಾಳಿಯಲ್ಲೇ ನೀರು ತುಂಬಿರುತ್ತದೆ. ಒದ್ದೆ ಗಾಳಿ ಟಾರ್ಚಿಗೆ ಹೋದರೆ ಹಾಫ್ನಿಯಂ ಬೇಗ ತೀರುತ್ತದೆ. ತಪ್ಪು ನನ್ನದೇ. ಮರುದಿನ ಏರ್ ಡ್ರೈಯರ್ ಹಾಕಿಸಿದೆ, ಅಂಗಡಿಗೆ ಹೋಗಿ ಒಂದು ಕ್ಷಮೆಯನ್ನೂ ಕೇಳಿದೆ.

ಹಳೆ ಟಿಪ್ಪುಗಳನ್ನು ಗುಜರಿಗೆ ಕೊಟ್ಟರೆ ಒಳ್ಳೆ ದುಡ್ಡು ಬರಬಹುದಲ್ವಾ?

ತಾಮ್ರದ ದುಡ್ಡು ಬರುತ್ತದೆ. ಹಾಫ್ನಿಯಂ ಕಿಲೋಗೆ ಲಕ್ಷದ ಮೇಲೆ ನಿಜ. ಆದರೆ ಹೊಸ ಟಿಪ್ಪಿನ ಕಡ್ಡಿಯೇ ಒಂದೂವರೆ ಮಿಲಿಮೀಟರ್ ದಪ್ಪ, ಮೂರು ಮಿಲಿಮೀಟರ್ ಉದ್ದ. ಗುಣಿಸಿ ನೋಡಿದರೆ ಒಂದು ಗ್ರಾಮಿನ ಹತ್ತನೇ ಪಾಲಿಗೂ ಕಡಿಮೆ. ಅದರಲ್ಲೂ ಅರ್ಧ ಗೇಟಿನ ಹೂವಾಗಿ ಹಾರಿಹೋಗಿದೆ. ಕಿಲೋಗೆ ಸುಮ್ನೆ ಲಕ್ಷ ರೂಪಾಯಿ ಎಂದು ಹಿಡಿದರೆ ಒಂದು ಟಿಪ್ಪಿಗೆ ಮೂರು ನಾಲ್ಕು ರೂಪಾಯಿ. ಕೊರೆದು ತೆಗೆಯುವ ಕರೆಂಟಿಗೂ ಸಾಲದು.

ತುಕ್ಕು ಹಿಡಿಯುತ್ತದಾ? ಆಸಿಡ್ ತಾಗಿದರೆ?

ಇಲ್ಲ. ಮೇಲೆ ತೆಳು ಆಕ್ಸೈಡ್ ಪದರ ಕಟ್ಟಿಕೊಂಡು ತನ್ನನ್ನು ತಾನೇ ಕಾಯುತ್ತದೆ. ಉಪ್ಪುಗಾಳಿ, ಕ್ಷಾರ, ಬಹುತೇಕ ಆಮ್ಲ ಯಾವುದಕ್ಕೂ ಬಗ್ಗುವುದಿಲ್ಲ. ಇದನ್ನು ಸುಲಭದಲ್ಲಿ ಸೋಲಿಸುವುದು ಹೈಡ್ರೋಫ್ಲೋರಿಕ್ ಆಮ್ಲ.

ವಿಷವಾ? ರೇಡಿಯೇಶನ್ ಉಂಟಾ?

ಅಣುಸ್ಥಾವರದ ಮಾತು ಕೇಳಿದ ಮೇಲೆ ಬಾಟಲಿಯನ್ನು ದೂರ ತಳ್ಳುವವರಿದ್ದಾರೆ. ಹೆದರಬೇಡಿ. ಪ್ರಕೃತಿಯಲ್ಲಿ ಸಿಗುವ ಹಾಫ್ನಿಯಂನಲ್ಲಿ ಆರು ಐಸೊಟೋಪು, ಅಂದರೆ ನ್ಯೂಟ್ರಾನ್ ಲೆಕ್ಕ ಬೇರೆ ಬೇರೆ ಇರುವ ಆರು ಬಗೆಯ ಪರಮಾಣು. 174 ಎಂಬ ಒಂದು ಮಾತ್ರ ವಿಕಿರಣಶೀಲ. ಅದು ಇರುವುದೂ ನೂರಕ್ಕೆ ಕಾಲು ಪಾಲಿಗಿಂತ ಕಡಿಮೆ, ಅರ್ಧಾಯುಷ್ಯವೋ (ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ) ಭೂಮಿಯ ವಯಸ್ಸಿನ ಲಕ್ಷಗಟ್ಟಲೆ ಪಟ್ಟು. ಗಟ್ಟಿ ತುಂಡು ಮುಟ್ಟಿದರೆ ಏನೂ ಆಗುವುದಿಲ್ಲ.

ಪುಡಿ ಮಾತ್ರ ಬೇರೆ ಕಥೆ. ನುಣ್ಣಗಿನ ಹಾಫ್ನಿಯಂ ಪುಡಿ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹಾಗಾಗಿ ಹಳೆ ಟಿಪ್ಪನ್ನು ಗ್ರೈಂಡರಿಗೆ ಹಿಡಿಯಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಹಿಡಿದಿದ್ದ. ಕಣ್ಣು ಕೋರೈಸುವ ಬಿಳಿ ಕಿಡಿ ಬಂತು, ಅವನ ಮೀಸೆಯ ಒಂದು ಬದಿ ಹೋಯಿತು.

ಮೊಬೈಲಿನಲ್ಲೂ ಉಂಟು ಅನ್ನುತ್ತಾರೆ, ನಿಜವಾ?

ನಿಜ. ಚಿಪ್ಪಿನ ಒಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್, ಒಂದೊಂದಕ್ಕೂ ಒಂದು ಗೇಟ್. ನಾವು ಮಾಡುವ ಗೇಟಿನ ಕೆಲಸವೇ, ಬಿಡುವುದು ಮತ್ತು ತಡೆಯುವುದು. ಗೇಟಿನ ಅಡಿಯಲ್ಲಿ ಕರೆಂಟು ಸೋರದ ಹಾಗೆ ಒಂದು ಪದರ ಬೇಕು. ಮೊದಲು ಅದು ಸಿಲಿಕಾನ್ ಆಕ್ಸೈಡ್. ಚಿಪ್ ಸಣ್ಣದಾದ ಹಾಗೆ ಪದರವೂ ತೆಳುವಾಗಿ ಒಂದು ನ್ಯಾನೋಮೀಟರಿನ ಹತ್ತಿರ ಬಂತು, ಎಲೆಕ್ಟ್ರಾನುಗಳು ಬೇಲಿ ನುಸಿಯತೊಡಗಿದವು. ಹಾಫ್ನಿಯಂ ಆಕ್ಸೈಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜು ಹಿಡಿದಿಡುವ ಗುಣದ ಅಳತೆ) 20ರ ಮೇಲೆ, ಸಿಲಿಕಾನ್ ಆಕ್ಸೈಡಿನದ್ದು 3.9. ಹಾಗಾಗಿ ದಪ್ಪ ಪದರ ಹಾಕಿಯೂ ಅದೇ ಕೆಲಸ ತೆಗೆಯಬಹುದು. 2007ರಲ್ಲಿ ಇಂಟೆಲ್ 45 ನ್ಯಾನೋಮೀಟರ್ ಚಿಪ್ಪುಗಳಲ್ಲಿ ಇದನ್ನು ತಂದಿತು.

ರಾಕೆಟ್ಟಿಗೆ?

ಸಿ103 ಎಂಬ ಮಿಶ್ರಲೋಹ ಉಂಟು, 89 ಪಾಲು ನಯೋಬಿಯಂ, 10 ಪಾಲು ಹಾಫ್ನಿಯಂ, 1 ಪಾಲು ಟೈಟಾನಿಯಂ. ರಾಕೆಟ್ ಎಂಜಿನ್ನಿನ ನಾಝಲ್ಲಿಗೆ ಬಳಸುತ್ತಾರೆ. ವಿಮಾನದ ಟರ್ಬೈನ್ ಎಲೆಗಳ ನಿಕಲ್ ಮಿಶ್ರಲೋಹಕ್ಕೂ ಒಂದು, ಒಂದೂವರೆ ಪಾಲು ಬೆರೆಸುತ್ತಾರೆ.

ಹಾಫ್ನಿಯಂ ಬಾಂಬ್ ಎಂದು ಯೂಟ್ಯೂಬಿನಲ್ಲಿ ನೋಡಿದೆ. ಉಂಟಾ?

ಇಲ್ಲ. ಹಾಫ್ನಿಯಂ 178ರ ಒಂದು ಉದ್ರಿಕ್ತ ರೂಪವನ್ನು ಪ್ರಯೋಗಶಾಲೆಯಲ್ಲಿ ಮಾಡಬಹುದು. ಅರ್ಧಾಯುಷ್ಯ 31 ವರ್ಷ, ಒಳಗೆ ಶಕ್ತಿ ಬೇಕಾದಷ್ಟು. 1990ರ ದಶಕದ ಕೊನೆಗೆ ಟೆಕ್ಸಾಸಿನ ಒಂದು ತಂಡ ಹಲ್ಲಿನ ಡಾಕ್ಟರ ಎಕ್ಸ್‌ರೇ ಯಂತ್ರ ಹಿಡಿದು ಆ ಶಕ್ತಿಯನ್ನು ಬೇಗ ಹೊರತೆಗೆದೆವು ಎಂದಿತು. ಬೇರೆಯವರು ಎಷ್ಟೋ ಪಟ್ಟು ಪ್ರಬಲ ಎಕ್ಸ್‌ರೇ ಹಾಯಿಸಿ ನೋಡಿದರೂ ಏನೂ ಆಗಲಿಲ್ಲ. ವಿಡಿಯೋದವರು ಈ ಕೊನೆಯ ಮಾತು ಹೇಳುವುದಿಲ್ಲ.

ಬಂಡೆಯ ವಯಸ್ಸು ಹೇಳಲು ಹಾಫ್ನಿಯಂ ಬೇಕಂತೆ, ಹೇಗೆ?

ಲುಟೇಶಿಯಂ 176 ನಿಧಾನಕ್ಕೆ ಹಾಫ್ನಿಯಂ 176 ಆಗಿ ಬದಲಾಗುತ್ತದೆ. ಅರ್ಧದಷ್ಟು ಬದಲಾಗಲು ಸುಮಾರು 3,700 ಕೋಟಿ ವರ್ಷ. ಎರಡರ ಪ್ರಮಾಣ ಅಳೆದರೆ ಬಂಡೆಯ ಚರಿತ್ರೆ ತಿಳಿಯುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಕಾಳುಗಳಲ್ಲಿ ಅತಿ ಹಳೆಯದಕ್ಕೆ 440 ಕೋಟಿ ವರ್ಷ. ಆ ವಯಸ್ಸು ಹೇಳಿದ್ದು ಒಳಗಿನ ಯುರೇನಿಯಂ. ಆ ಕಾಳು ಎಂಥ ಶಿಲೆಯಿಂದ ಹುಟ್ಟಿತು ಎಂಬುದನ್ನು ಹೇಳುವುದು ಒಳಗಿನ ಹಾಫ್ನಿಯಂ.

ಶಾಲೆಗೆ ತೋರಿಸಲು ಒಂದು ಟಿಪ್ಪು ಕೊಡುತ್ತೀರಾ?

ಕೊಡುತ್ತೇನೆ, ದುಡ್ಡು ಬೇಡ. ಬಾಟಲಿಯಲ್ಲಿ ಆರೇಳನ್ನು ತಾಮ್ರದ ಭಾಗದಲ್ಲಿ ಹ್ಯಾಕ್ಸಾದಿಂದ ಉದ್ದಕ್ಕೆ ಗೀರಿ, ಬೆಂಚ್ ವೈಸಿನಲ್ಲಿ ಹಿಡಿದು ಬಿಡಿಸಿಟ್ಟಿದ್ದೇನೆ. ಕೆಂಪು ತಾಮ್ರದ ನಡುವೆ ಪೆನ್ಸಿಲಿನ ಸೀಸದ ಕಡ್ಡಿಯ ಹಾಗೆ ಬೂದು ಕಡ್ಡಿ ಕಾಣುತ್ತದೆ, ಮೇಲ್ತುದಿಯಲ್ಲಿ ಬಟ್ಟಲಿನ ಹಾಗೆ ಗುಳಿ. ಗುಳಿಯ ಅಂಚಿಗೆ ಅಂಟಿದ ಮಾಸಲು ಹುಡಿಯನ್ನು ಉಗುರಿನಿಂದ ಕೆರೆಯಬೇಡಿ, ಆಕ್ಸೈಡ್ ಅದೇ. ಭಾನುವಾರ ವರ್ಕ್‌ಶಾಪ್ ರಜೆ. ಶನಿವಾರ ನಾಲ್ಕು ಗಂಟೆಯ ಮೇಲೆ ಬಂದರೆ ಮೆಶಿನ್ ಓಡುವುದನ್ನೂ ನೋಡಬಹುದು, ಕಪ್ಪು ಕನ್ನಡಕ ನನ್ನ ಹತ್ತಿರ ನಾಲ್ಕು ಉಂಟು.